ಚಿಂದಿ ಇಲ್ಲದ ಕಟ್ಟು

ನಮ್ಮ ಮನೆಯ ಜಗಲಿಯ ಗೋಡೆಗೆ ಒಂದು ಮೊಳೆ ಹೊಡೆದಿತ್ತು. ಶಿವರಾತ್ರಿ ಕಳೆದು ಮದುವೆಯ ದಿನಗಳು ಹತ್ತಿರವಾದಂತೆ ಆ ಮೊಳೆಯಲ್ಲಿ ಬಾಳೆನಾರಿನ ಎಳೆಗಳು ತುಂಬಿಕೊಳ್ಳುತ್ತಿದ್ದವು. ಒಂದು ಎಳೆ ಎಂದರೆ ಒಂದು ಮದುವೆ. ತುದಿಯಿಂದ ಮೊದಲ ಗಂಟಿನವರೆಗೆ ಮದುಮಗಳ ಹಣೆಯ ಅಳತೆ, ಎರಡನೆಯ ಗಂಟಿನವರೆಗೆ ಮದುಮಗನದು. ಮದುವೆ ಗೊತ್ತಾದ ಮನೆಯವರು ಎಳೆಯನ್ನು ತಂದು ಅಪ್ಪನ ಕೈಗೆ ಕೊಡುತ್ತಿದ್ದರು. ಅಪ್ಪ ಅದಕ್ಕೊಂದು ಬಣ್ಣದ ಚಿಂದಿ ಕಟ್ಟಿ ಮೊಳೆಗೆ ಹಾಕುತ್ತಿದ್ದರು. ನಾವು ಸಾಗರದ ಗುಡಿಗಾರರು. ಗಂಧದ ಕೆತ್ತನೆ ಗಂಡಸರ ಕೆಲಸ, ಕೆರೆಯಲ್ಲಿ ಬೆಳೆಯುವ ಗಿಡದ ಬಿಳಿ ಬೆಂಡು ಸುಲಿದು ಹೂ ಕತ್ತರಿಸುವುದು ಮನೆಮಂದಿಯೆಲ್ಲರ ಕೆಲಸ, ಆ ಹೂಗಳನ್ನು ಜೋಡಿಸಿ ಬಾಸಿಂಗ ಕಟ್ಟುವುದು ಮಾತ್ರ ನಮ್ಮ ಮನೆಯಲ್ಲಿ ಅಪ್ಪನೊಬ್ಬರದೇ ಹಕ್ಕು.

ಚಿಂದಿಯ ವಿಷಯ ಹೇಳಲೇಬೇಕು. ಬಾಸಿಂಗ ಎಲ್ಲರಿಗೂ ಒಂದೇ ಅಲ್ಲ. ಒಬ್ಬರದು ಐದು ಗೋಪುರದ್ದು, ಇನ್ನೊಬ್ಬರದು ಮೂರು ಗೋಪುರದ್ದು. ಒಬ್ಬರಿಗೆ ಎರಡೂ ತುದಿಯಲ್ಲಿ ಗಿಳಿ ಇರಲೇಬೇಕು, ಇನ್ನೊಬ್ಬರಿಗೆ ಗಿಳಿ ಕಂಡರೆ ಆಗದು. ಯಾವ ಜನಕ್ಕೆ ಯಾವ ಆಕಾರ ಎನ್ನುವುದು ಅಜ್ಜನ ಕಾಲದಿಂದ ಗೊತ್ತಾಗಿಹೋಗಿತ್ತು. ಓದುಬರಹ ಬಾರದ ಅಜ್ಜ ಒಂದೊಂದು ಜನಕ್ಕೆ ಒಂದೊಂದು ಬಣ್ಣ ಗೊತ್ತು ಮಾಡಿದ್ದ. ಹಳದಿ ಇಂಥವರದು, ಹಸಿರು ಇಂಥವರದು, ಕೆಂಪು ತೀರ್ಥಹಳ್ಳಿ ಕಡೆಯ ಜಮೀನುದಾರರದು. ನೀಲಿ ನಮ್ಮದು. ಕೆಲವರ ಎಳೆಗಳು ಹಿತ್ತಲ ಬಾಗಿಲಿಗೆ ಬರುತ್ತಿದ್ದವು. ಅವಕ್ಕೆ ಬಣ್ಣವೇ ಇರಲಿಲ್ಲ, ಗೋಣಿಯ ದಾರ. ಅವರ ಕಟ್ಟನ್ನು ಅಪ್ಪ ಹೊಸ್ತಿಲ ಆಚೆ ಇಡುತ್ತಿದ್ದರು, ಅವರು ಎತ್ತಿಕೊಂಡು ಹೋಗುತ್ತಿದ್ದರು. ಅದರಲ್ಲೂ ಅಪ್ಪ ಕೆಲಸ ಕಡಿಮೆ ಮಾಡುತ್ತಿರಲಿಲ್ಲ, ಹೂವು ಅಷ್ಟೇ ಚೆನ್ನಾಗಿರುತ್ತಿತ್ತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೂವು ಚೆನ್ನಾಗಿದ್ದ ಮಾತ್ರಕ್ಕೆ ಹೊಸ್ತಿಲು ಹೊಸ್ತಿಲಲ್ಲದೆ ಹೋಗುವುದಿಲ್ಲ.

ನಾನು ಅಕ್ಷರ ಕಲಿಯುವ ಮುಂಚೆ ಚಿಂದಿ ಕಲಿತೆ. ಶಾಲೆಗೆ ಸೇರಿದ ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರೆ ನಾನು ಮನಸ್ಸಿನಲ್ಲೇ ಹಳದಿ, ಹಸಿರು, ಹಳದಿ, ಗೋಣಿದಾರ ಎಂದು ಎಣಿಸುತ್ತ ಕೂತಿದ್ದೆ. ಪಕ್ಕದಲ್ಲಿ ಕೂತವಳ ಅಪ್ಪನ ಊರು ಕೇಳಿದ ಕೂಡಲೇ ಅವಳ ಹಣೆಯ ಮೇಲೆ ಐದು ಗೋಪುರ ಕಾಣುತ್ತಿತ್ತು. ಯಾರೂ ನನಗಿದನ್ನು ಹೇಳಿಕೊಡಲಿಲ್ಲ. ಊಟ ಮಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ, ಅದೂ ಹಾಗೆಯೇ ಬಂತು.

ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಬೆಂಡಿನ ಕೆಲಸದಲ್ಲಿ ಅವಳದು ಅಷ್ಟಕ್ಕಷ್ಟೆ, ಕತ್ತಿ ಹಿಡಿದರೆ ಮೊದಲು ಕುಯ್ಯುತ್ತಿದ್ದುದು ತನ್ನ ಬೆರಳನ್ನೇ. ಓದಿನಲ್ಲಿ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ಅವಳೇ. ಆಮೇಲೆ ಟ್ರೈನಿಂಗ್ ಮುಗಿಸಿ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಪ್ರೈಮರಿ ಶಾಲೆಗೆ ಟೀಚರಾಗಿ ಹೋದಳು. ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತು, ಕಂಡಕ್ಟರನಿಗೆ ಹತ್ತು ಸಲ ಜೋಪಾನ ಹೇಳಿ ಬಂದರು. ಮಗಳು ಟೀಚರು ಎಂದು ಎಳೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು.

ಅದೇ ಶಾಲೆಯಲ್ಲಿ ಇನ್ನೊಬ್ಬ ಮೇಷ್ಟ್ರಿದ್ದರು. ತೀರ್ಥಹಳ್ಳಿ ಹತ್ತಿರದ ಜಮೀನುದಾರರ ಮನೆಯವರು, ಅಂದರೆ ಕೆಂಪು ಚಿಂದಿ. ಎರಡು ವರ್ಷದ ಮೇಲೆ ಅಕ್ಕ ಊರಿಗೆ ಬಂದವಳು ಅವರನ್ನೇ ಮದುವೆಯಾಗುವುದಾಗಿ ಹೇಳಿದಳು. ಅವರ ಕಡೆ ತಂದೆ ಒಪ್ಪಿರಲಿಲ್ಲ, ತಾಯಿ ಮಾತ್ರ ಬಂದು ನಿಲ್ಲುತ್ತೇನೆ ಎಂದಿದ್ದರಂತೆ. ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ದೇವಸ್ಥಾನದಲ್ಲಿ ಧಾರೆ, ಹತ್ತಿಪ್ಪತ್ತು ಜನ, ಅಷ್ಟೆ. ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಅಪ್ಪ ಎರಡು ದಿನ ಬೆಂಡು ಸುಲಿಯುತ್ತಲೇ ಇದ್ದರು.

ಮೂರನೆಯ ದಿನ ಅಕ್ಕ ಟ್ರಂಕು ಕಟ್ಟಿಟ್ಟು, ಜಗಲಿಗೆ ಬಂದು ಅಪ್ಪನ ಎದುರು ಕೂತಳು. ನನಗೆ ಒಡವೆ ಬೇಡ, ನೀವು ಧಾರೆ ಎರೆಯಲೂ ಬೇಡ, ಬಾಸಿಂಗವೊಂದು ಮಾತ್ರ ಈ ಮನೆಯದೇ ಬೇಕು ಎಂದಳು. ಊರಿನ ಹೆಣ್ಣುಮಕ್ಕಳಿಗೆಲ್ಲ ಕಟ್ಟಿದ ಅಪ್ಪ ತನಗೆ ಕಟ್ಟುವುದು ಎಂಥದ್ದಿರುತ್ತದೋ ಎಂದು ಸಣ್ಣವಳಿದ್ದಾಗ ಅವಳು ಕೇಳುತ್ತಿದ್ದಳು. ಎಲ್ಲಕ್ಕಿಂತ ಒಳ್ಳೆಯದು ಎಂದು ಅಪ್ಪ ಹೇಳುತ್ತಿದ್ದರು. ಅದನ್ನು ನಾನೂ ಕೇಳಿದ್ದೇನೆ. ಅವಳು ಅದನ್ನೇ ಹಿಡಿದುಕೊಂಡಿದ್ದಳು.

ಅಪ್ಪ ಕತ್ತಿಯನ್ನು ಕೆಳಗಿಟ್ಟರು. ಸಿಟ್ಟಿನಿಂದ ಮಾತಾಡಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಯಾವ್ದು ಕಟ್ಲಿ ಹೇಳು. ಅವರದ್ದು ಕಟ್ಟಿದ್ರೆ ನೀ ನನ್ನ ಮಗಳು ಹೌದೋ ಅಲ್ವೋ ಅನ್ನೋಹಾಗಾಗ್ತದೆ. ನಮ್ದು ಕಟ್ಟಿದ್ರೆ ಅವ್ರ ತಾಯಿ ಎದುರಿಗೆ ನೀ ಹೆಂಗೆ ನಿಲ್ತೀಯಾ? ಇದಕ್ಕೆ ಯಾವ ಆಕಾರ ಅಂತ ನನ್ನ ಕೈಗೆ ಗೊತ್ತಿಲ್ಲ ಮಗಾ."

ಅಕ್ಕ ಸೆರಗಿನ ಗಂಟು ಬಿಚ್ಚಿ ಎರಡು ಗಂಟಿನ ಒಂದು ಬಾಳೆನಾರು ತೆಗೆದಳು. ಅಳತೆ ತೆಗೆದುಕೊಂಡೇ ಬಂದಿದ್ದಳು. ಮೊಳೆಯಲ್ಲಿ ಉಳಿದ ಎಳೆಗಳ ಜೊತೆ ಅದನ್ನೂ ತೂಗುಹಾಕಿ, ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೋದಳು. ಅವತ್ತು ಟ್ರಂಕು ಹೊತ್ತು ಹೋದವಳು ನಾನು.

ಆ ಎಳೆ ಮೊಳೆಯಲ್ಲೇ ಉಳಿಯಿತು. ಅಪ್ಪ ದಿನಾ ಬೆಳಿಗ್ಗೆ ಮೊಳೆಯ ಮುಂದೆ ನಿಂತು ಅವತ್ತಿನ ಎಳೆ ಆರಿಸಿಕೊಳ್ಳುತ್ತಿದ್ದರು. ಶರಾವತಿಯ ಹಿನ್ನೀರು ಏರಿದ ಮೇಲಿನ ವರ್ಷ ಅದು, ನೀರಿನಾಚೆ ಉಳಿದ ಬ್ಯಾಕೋಡು ಕಡೆಯ ಎಳೆಗಳೇ ಬಂದಿರಲಿಲ್ಲ, ಮೊಳೆ ಎಂದಿನಷ್ಟು ತುಂಬಿರಲಿಲ್ಲ. ಹಾಗಾಗಿ ಚಿಂದಿ ಇಲ್ಲದ ಆ ಒಂದು ಎಳೆ ಎದ್ದು ಕಾಣುತ್ತಿತ್ತು. ಅಪ್ಪನ ಕೈ ಅದರ ಪಕ್ಕದಿಂದ ದಾಟಿ ಹೋಗುತ್ತಿತ್ತು. ಅದನ್ನು ತೆಗೆದು ಬಿಸಾಡಲೂ ಇಲ್ಲ, ಚಿಂದಿ ಕಟ್ಟಲೂ ಇಲ್ಲ.

ಅಕ್ಕನ ಮದುವೆಗೆ ಹತ್ತು ಹನ್ನೆರಡು ದಿನ ಉಳಿದಾಗ ಎಳೆಯನ್ನು ನಾನು ತೆಗೆದುಕೊಂಡೆ. ಆಗ ನನಗೆ ಹದಿನಾರು ನಡೆಯುತ್ತಿತ್ತು. ಹೂ ಕತ್ತರಿಸುವುದರಲ್ಲಿ ಮನೆಯಲ್ಲಿ ನನ್ನ ಕೈಯೇ ನಾಜೂಕು. ಕಟ್ಟುವುದನ್ನು ಯಾರೂ ಕಲಿಸಿರಲಿಲ್ಲ, ನೋಡಿ ನೋಡಿ ಗೊತ್ತಿತ್ತು. ಮಧ್ಯಾಹ್ನ ಊಟ ಮಾಡಿ ಅಪ್ಪ ಮಲಗಿದ ಹೊತ್ತಿಗೆ ಅಟ್ಟದ ಮೇಲೆ ಕೂತು ನಾಲ್ಕು ದಿನದಲ್ಲಿ ಮುಗಿಸಿದೆ. ಅಮ್ಮನಿಗೆ ಹೇಳಿರಲಿಲ್ಲ. ಆದರೆ ಆ ನಾಲ್ಕು ದಿನ ಹುಣಸೆಬೀಜದ ಅಂಟು ಎಂದಿಗಿಂತ ಜಾಸ್ತಿ ಕುದಿಸಿ, ಒಂದು ಗರಟೆಯಲ್ಲಿ ಬೇರೆಯಾಗಿ ತೆಗೆದು ಅಟ್ಟದ ಏಣಿಯ ಬುಡದಲ್ಲಿ ಇಟ್ಟಿರುತ್ತಿದ್ದಳು.

ಆಕಾರದ ಪ್ರಶ್ನೆ ನನಗೂ ಬಂತು. ಮೊದಲು ನಮ್ಮದನ್ನೇ ಕಟ್ಟಲು ಹೊರಟೆ, ಕೈ ತಡೆಯಿತು. ಅವರದನ್ನು ಕಟ್ಟಲು ಹೊರಟೆ, ಮನಸ್ಸು ಬರಲಿಲ್ಲ. ಕೊನೆಗೆ ಗೋಪುರವೂ ಬೇಡ ಗಿಳಿಯೂ ಬೇಡ ಎಂದು ಬರೀ ಹೂವಿನದೇ ಎರಡು ಪಟ್ಟಿ ಮಾಡಿದೆ. ಸಣ್ಣ ಸಣ್ಣ ಮಲ್ಲಿಗೆ, ನಡುವೆ ಒಂದು ದೊಡ್ಡ ಹೂ, ಅಂಚಿಗೆ ಮಾತ್ರ ಬೇಗಡೆ. ನನ್ನ ಕತ್ತಿಗೆ ಒಂದು ಕೆಟ್ಟ ಚಾಳಿ ಇತ್ತು, ಎಸಳಿನ ತುದಿಗೆ ಬಂದಾಗ ತುಸು ಎಡಕ್ಕೆ ಜಾರಿ ಅಲ್ಲೊಂದು ಕಚ್ಚು ಬೀಳುತ್ತಿತ್ತು. ಇದು ನಿನ್ನ ಹೂ ಅಂತ ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗ್ತದೆ ಎಂದು ಅಪ್ಪ ಬಯ್ಯುತ್ತಿದ್ದರು. ಆ ಕಚ್ಚನ್ನು ತಪ್ಪಿಸಲು ಎಷ್ಟು ಪಾಡುಪಟ್ಟರೂ ಅದು ಬಿದ್ದೇ ಬಿತ್ತು. ಆದರೂ ಜೋಡಿ ಮುಗಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಹಿಂದೆ ಯಾರ ಹಣೆಯಲ್ಲೂ ಇಲ್ಲದ ಬಾಸಿಂಗ ಅದು.

ಕಳಿಸುವುದು ಕಷ್ಟವಿರಲಿಲ್ಲ. ತೀರ್ಥಹಳ್ಳಿ ಪೇಟೆಯ ಒಂದು ಅಂಗಡಿಗೆ ನಮ್ಮ ಬಾಸಿಂಗಗಳು ಬಿದಿರಿನ ಬುಟ್ಟಿಯಲ್ಲಿ ಬಸ್ಸಿನ ಮೇಲೆ ಹೋಗುತ್ತಿದ್ದವು. ಒಂದೊಂದು ಕಟ್ಟಿಗೂ ಚಿಂದಿ ಇರುತ್ತಿತ್ತು. ಅಂಗಡಿಯವರು ಬಣ್ಣ ನೋಡಿ ಆಯಾ ಮನೆಯವರಿಗೆ ಕೊಡುತ್ತಿದ್ದರು. ಬುಟ್ಟಿ ತುಂಬುವುದು ನನ್ನ ಕೆಲಸ. ಅಡಿಯಲ್ಲಿ ಅಕ್ಕನ ಕಟ್ಟು ಇಟ್ಟು ಮೇಲೆ ಉಳಿದದ್ದು ಇಟ್ಟರೆ ಆಯಿತು. ಆದರೆ ಚಿಂದಿ? ಚಿಂದಿಯ ಡಬ್ಬಿ ತೆರೆದು ಕೂತೆ. ನೀಲಿ ಕಟ್ಟಿದರೆ, ನೀಲಿಯವರ ಮದುವೆ ತೀರ್ಥಹಳ್ಳಿಯಲ್ಲಿ ಯಾರದಪ್ಪಾ ಎಂದು ಅಂಗಡಿಯವರು ಕೇಳುತ್ತಾರೆ, ಆ ಮಾತು ಬಸ್ಸು ಹತ್ತಿ ಸಂಜೆಯೊಳಗೆ ಸಾಗರಕ್ಕೆ ಬರುತ್ತದೆ. ಕೆಂಪು ಕಟ್ಟಿದರೆ, ಬುಟ್ಟಿ ಕಟ್ಟುವಾಗ ಅಪ್ಪ ಕೆಂಪು ಎಷ್ಟಾಯಿತು ಎಂದು ಎಣಿಸುತ್ತಾರೆ. ಒಂದೊಂದನ್ನೇ ಕೈಗೆತ್ತಿಕೊಂಡು ಇಟ್ಟೆ. ಕೊನೆಗೆ ಯಾವುದನ್ನೂ ಕಟ್ಟದೆ ಹಾಗೆಯೇ ಬುಟ್ಟಿಯ ಅಡಿಗೆ ಸೇರಿಸಿದೆ. ಅಕ್ಕನಿಗೆ ಒಂದು ಕಾರ್ಡು ಬರೆದೆ. ಕಾರ್ಡನ್ನು ಪೋಸ್ಟ್‌ಮ್ಯಾನಿನಿಂದ ಹಿಡಿದು ಎಲ್ಲರೂ ಓದುತ್ತಾರೆಂಬ ಹೆದರಿಕೆಯಿಂದ, ಅಂಗಡಿಗೆ ಹೋಗಿ ಕೇಳು ಎಂಬುದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲಿಲ್ಲ.

ಮದುವೆ ಭಾನುವಾರ ಆಯಿತು. ನಮ್ಮ ಮನೆಯಲ್ಲಿ ಅವತ್ತು ಅಡುಗೆ ಆಯಿತು, ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ. ಅಕ್ಕನ ಹಣೆಯಲ್ಲಿ ನನ್ನ ಹೂ ಇದೆ ಎಂದು ನಾನೊಬ್ಬಳು ಒಳಗೊಳಗೇ ಸಮಾಧಾನದಿಂದಿದ್ದೆ.

ಮಂಗಳವಾರ ಬುಟ್ಟಿ ವಾಪಸ್ಸು ಬಂತು. ಖಾಲಿ ಬುಟ್ಟಿ ಬರುವುದು ವಾಡಿಕೆ. ಅವತ್ತಿನದು ಖಾಲಿಯಾಗಿರಲಿಲ್ಲ. ಇದೊಂದು ಕಟ್ಟಿಗೆ ಚಿಂದಿ ಇಲ್ಲ, ಯಾರದೆಂದು ತಿಳಿಯದೆ ವಾಪಸ್ಸು ಕಳಿಸಿದ್ದಾರೆ ಎಂದು ಕಂಡಕ್ಟರು ಹೇಳಿ ಹೋದ. ಅಪ್ಪ ಬಾಳೆಲೆಯ ಕಟ್ಟು ಬಿಚ್ಚಿದರು. ನಾನು ಬಾಗಿಲ ದಾರಂದ ಹಿಡಿದು ನಿಂತೆ.

ಅಪ್ಪ ಮದುಮಗಳ ಚಿಕ್ಕ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಎಸಳಿನ ತುದಿ ಸವರಿದರು. ಕಚ್ಚು ಸಿಕ್ಕಿರಬೇಕು. ಆಮೇಲೆ ಗೇಣು ಹಾಕಿ ಅಳೆದರು.

"ಅಳತೆ ಸರಿ ಉಂಟು," ಎಂದರು. ಪಟ್ಟಿಯನ್ನು ಬಾಳೆಲೆಯ ಮೇಲಿಟ್ಟು, "ಚಿಂದಿ ಯಾಕೆ ಕಟ್ಲಿಲ್ಲ?"

"ಯಾವ್ದು ಕಟ್ಬೇಕಿತ್ತಪ್ಪ?"

ಅಪ್ಪ ಕತ್ತಿಯನ್ನು ನನ್ನ ಮುಂದಿಟ್ಟರು. ಬಿಚ್ಚು, ಹೂ ಹಾಳಾಗದ ಹಾಗೆ ಬಿಚ್ಚು ಎಂದಷ್ಟೇ ಹೇಳಿ ಎದ್ದು ಬಾವಿಕಟ್ಟೆಗೆ ಹೋದರು. ಬೆಂಡು ದಂಡ ಮಾಡುವುದು ನಮ್ಮಲ್ಲಿ ದೊಡ್ಡ ಪಾಪ. ಬೇಡವಾದ ಬಾಸಿಂಗ ಬಿಚ್ಚಿ ಹೂಗಳನ್ನು ಬೇರೆಯದಕ್ಕೆ ಹಾಕುವುದು ಯಾವಾಗಲೂ ಇದ್ದದ್ದೇ. ನಾನು ಬಿಚ್ಚಿದೆ. ಅತ್ತುಕೊಂಡು ಬಿಚ್ಚಿದೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಆಗ ಅಳು ಬರಲಿಲ್ಲ. ಹೂ ಮುರಿಯದಂತೆ ಬಿಚ್ಚುವುದರ ಮೇಲೆಯೇ ಇಡೀ ಗಮನವಿತ್ತು. ಒಂದೂ ಮುರಿಯಲಿಲ್ಲ. ಅಕ್ಕನ ಹೂಗಳು ಯಾರ್ಯಾರ ಹಣೆಗೆ ಹೋದವೋ ಎಂದು ಆ ಮದುವೆಯ ಕಾಲ ಮುಗಿಯುವವರೆಗೂ ಯೋಚಿಸುತ್ತಿದ್ದೆ.

ಮೂರು ವರ್ಷದ ಮೇಲೆ ನನ್ನ ಮದುವೆ ಹೊಸನಗರದ ಕಡೆಗೆ ಆಯಿತು. ನಮ್ಮವರೇ, ನೀಲಿ ಚಿಂದಿ, ಯಾರಿಗೂ ಎರಡನೆಯ ಮಾತಿರಲಿಲ್ಲ. ಅಕ್ಕನನ್ನು ಕರೆಯಲಿಲ್ಲ. ಕರೆದರೆ ಗಂಡಿನ ಕಡೆಯವರು ಏನೆನ್ನುತ್ತಾರೋ ಎಂದು ಅಪ್ಪ ಅಮ್ಮ ಮಾತ್ರ ಅಲ್ಲ, ನಾನೂ ಹೆದರಿದ್ದೆ. ಅಪ್ಪ ನನ್ನ ಬಾಸಿಂಗವನ್ನು ಯಾರಿಗೂ ತೋರಿಸದೆ ಕಟ್ಟಿದ್ದರು. ಧಾರೆಗೆ ಕೂರಿಸುವ ಮುಂಚೆ ಅಮ್ಮ ಅದನ್ನು ಕೈಗೆ ಕೊಟ್ಟಾಗ ಕಂಡೆ. ನಮ್ಮ ಆಕಾರದ್ದೇ, ಮೂರು ಗೋಪುರ. ಆದರೆ ಗೋಪುರದ ಬುಡದುದ್ದಕ್ಕೂ ಒಂದು ಸಾಲು ಮಲ್ಲಿಗೆ, ನಡುವೆ ಒಂದು ದೊಡ್ಡ ಹೂ. ಉಳಿದ ಬೆಂಡೆಲ್ಲ ಹಾಲಿನಷ್ಟು ಬಿಳಿ. ಆ ಸಾಲು ಮಾತ್ರ ಹಳತಾಗಿ ಹಳದಿಗೆ ತಿರುಗಿತ್ತು. ಬೆರಳಿನಿಂದ ಸವರಿ ನೋಡಿದೆ, ಎಸಳ ತುದಿಯಲ್ಲಿ ಎಡಗಡೆಗೆ ಕಚ್ಚು.

ಅಪ್ಪ ಹಳದಿಗೆ ತಿರುಗಿದ ಬೆಂಡನ್ನು ಯಾರ ಹಣೆಗೂ ಕಟ್ಟಿದವರಲ್ಲ. ಗೋಣಿದಾರದವರಿಗೂ ಕಟ್ಟಿದವರಲ್ಲ. ಅಂದರೆ ಅಕ್ಕನ ಹೂಗಳು ಎಲ್ಲಿಗೂ ಹೋಗಿರಲಿಲ್ಲ. ಮೂರು ವರ್ಷ ಅವನ್ನು ಎಲ್ಲೋ ಜೋಪಾನವಾಗಿ ಇಟ್ಟಿದ್ದರು. ಅಷ್ಟೇ ಅಲ್ಲ, ಆವತ್ತು ಮೊಳೆಯಿಂದ ಎಳೆ ಕಾಣೆಯಾದದ್ದೂ ಅವರಿಗೆ ತಿಳಿದೇ ಇತ್ತು ಎಂದು ಆಗ ನನಗೆ ಹೊಳೆಯಿತು. ದಿನಾ ಬೆಳಿಗ್ಗೆ ಆ ಮೊಳೆಯ ಮುಂದೆ ನಿಲ್ಲುವ ಮನುಷ್ಯನಿಗೆ ತಿಳಿಯದೆ ಇರುತ್ತದೆಯೇ. ಕಟ್ಟಬೇಡ ಎಂದು ಅವರು ನನಗೆ ಒಂದು ದಿನವೂ ಹೇಳಿರಲಿಲ್ಲ. ಮಂಟಪದಲ್ಲಿ ತಲೆ ಎತ್ತಿ ಅಪ್ಪನನ್ನು ಹುಡುಕಿದೆ. ಅವರು ಅಡುಗೆಯವರ ಹತ್ತಿರ ಏನೋ ಕೇಳುತ್ತ ಬೆನ್ನು ಹಾಕಿ ನಿಂತಿದ್ದರು. ಮದುವೆ ಮುಗಿದ ಮೇಲೆ ಆ ಬಾಸಿಂಗವನ್ನು ಕ್ರಮದ ಪ್ರಕಾರ ಗಂಡನ ಮನೆಯ ನಡುಮನೆಯ ಕಂಬಕ್ಕೆ ಕಟ್ಟಿದರು.

ಮಾರನೆಯ ವರ್ಷ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ಕಂಕುಳಲ್ಲಿ ಮಗು, ಕೈಯಲ್ಲಿ ಶಾಲೆಯ ಪುಸ್ತಕದ ಚೀಲ. ನನ್ನ ಅತ್ತೆ ಸ್ವಲ್ಪ ಆಚೆ ಬೆಂಚಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ಅಕ್ಕನ ಮೈ ಇಳಿದಿತ್ತು. ಅಮ್ಮನ ಮೊಣಕಾಲು ನೋವು ಕೇಳಿದಳು, ಅಪ್ಪನ ಕಣ್ಣು ಹೇಗಿದೆ ಎಂದು ಕೇಳಿದಳು. ಮಗುವಿನ ಕೆನ್ನೆ ಮುಟ್ಟಿದೆ. ಮುಟ್ಟುವಾಗಲೂ, ದೇವರಾಣೆ, ಇದಕ್ಕೆ ನಾಳೆ ಯಾವ ಚಿಂದಿ ಎಂಬ ಯೋಚನೆ ತಲೆಯೊಳಗೆ ಹಾದುಹೋಯಿತು. ನಾನು ಹೀಗೆಯೇ ಬೆಳೆದವಳು. ಅತ್ತೆಗೆ ಹೆದರಿಯಲ್ಲ, ಅದು ತಾನಾಗಿಯೇ ಬಂತು.

ಬಸ್ಸು ಹೊರಡುವ ಹೊತ್ತಿಗೆ ಅಕ್ಕ ಕೇಳಿದಳು.

"ನಿನ್ನ ಕಾರ್ಡು ಬಂದ್ಮೇಲೆ ಮೂರು ಸಲ ಅಂಗಡಿಗೆ ಹೋದೆ. ನೀಲಿ ಚಿಂದಿ ಕಟ್ಟು ಬಂದಿದ್ಯಾ, ನೀಲಿ ಚಿಂದಿ ಕಟ್ಟು ಬಂದಿದ್ಯಾ ಅಂತ ಕೇಳ್ದೆ. ನೀಲಿದು ಯಾವ್ದೂ ಇಲ್ಲ ಅಂದ್ರು. ಕಡೆಗೆ ಎರಡು ಎಳೆ ಕನಕಾಂಬರ ಕಟ್ಕೊಂಡು ಕೂತೆ. ಯಾಕೆ ಕಳಿಸ್ಲಿಲ್ಲ?"

ಅವಳು ನೀಲಿಯನ್ನೇ ಕೇಳಿದ್ದಳು. ಅಪ್ಪ ಧಾರೆ ಎರೆಯದಿದ್ದರೂ, ಕೆಂಪಿನವರ ಮನೆಗೆ ಹೋಗುತ್ತಿದ್ದರೂ, ತಾನು ನೀಲಿಯೇ ಎಂಬುದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ತಂಗಿ ನೀಲಿಯಲ್ಲದೆ ಬೇರೆ ಏನು ಕಟ್ಟಿಯಾಳು ಎಂದುಕೊಂಡಿದ್ದಳು. ಕಟ್ಟದೆ ಬಿಟ್ಟವಳು ನಾನು. ಡಬ್ಬಿಯಲ್ಲಿ ಬೇಕಾದಷ್ಟು ನೀಲಿ ಇತ್ತು.

ಇದನ್ನೆಲ್ಲ ಹೇಳಲು ಎಷ್ಟು ಹೊತ್ತು ಬೇಕಿತ್ತು? ಕಟ್ಟು ಬಂದಿತ್ತು, ಚಿಂದಿ ಇರಲಿಲ್ಲ, ನೀನು ನಿಂತಿದ್ದ ಅಂಗಡಿಯಲ್ಲೇ ಇತ್ತು ಎಂದು ಹೇಳಬೇಕಿತ್ತು. ಆಮೇಲೆ ನಾನೇ ಅದನ್ನು ಬಿಚ್ಚಿದೆ, ಅದರ ಹೂ ನನ್ನ ಹಣೆಯ ಮೇಲೆ ಕೂತಿತು ಎಂದೂ ಹೇಳಬೇಕಾಗುತ್ತಿತ್ತು. ಬೆಂಚಿನ ಮೇಲಿಂದ ಅತ್ತೆ ಕೆಮ್ಮಿದರು. ನನ್ನ ಬಾಯಿಂದ ಬಂದದ್ದು ಎರಡೇ ಮಾತು.

"ಅಪ್ಪ ಬಿಡ್ಲಿಲ್ಲ."

ಅಕ್ಕ ತಲೆಯಾಡಿಸಿದಳು. ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿ ಬಸ್ಸು ಹತ್ತಿದಳು. ಬರೆದು ಸರಿಮಾಡಿದರಾಯಿತು ಎಂದು ಅವತ್ತು ಸಮಾಧಾನ ಹೇಳಿಕೊಂಡೆ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಬರೆಯಲು ಕೂತಾಗಲೆಲ್ಲ ಒಂದಲ್ಲ ಒಂದು ಕೆಲಸ ಬರುತ್ತಿತ್ತು. ಕೆಲಸ ಬರದಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ.

ಎಪ್ಪತ್ತರ ದಶಕ ಶುರುವಾದ ಮೇಲೆ ಅಪ್ಪ ಹಾಸಿಗೆ ಹಿಡಿದರು. ನಾನು ನೋಡಿಕೊಳ್ಳಲು ಸಾಗರಕ್ಕೆ ಬಂದಿದ್ದೆ. ಮೊಳೆಯಲ್ಲಿ ಆ ವರ್ಷ ಒಂದು ಎಳೆಯೂ ಇರಲಿಲ್ಲ. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅಪ್ಪ, ದೊಡ್ಡವಳಿಗೆ ಒಂದು ಕಾಗದ ಹಾಕು, ಬಂದು ಹೋಗಲಿ ಎಂದರು. ಏಳು ವರ್ಷದಲ್ಲಿ ಮೊದಲ ಸಲ ಅವಳ ಸುದ್ದಿ ಎತ್ತಿದ್ದು. ನಾನು ಅವತ್ತೇ ಬರೆದೆ. ಅಪ್ಪನಿಗೆ ಹುಷಾರಿಲ್ಲ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಬರೆದೆ. ಬರೆಯಬೇಕಿದ್ದ ಇನ್ನೊಂದು ವಿಷಯವನ್ನು ಆಗಲೂ ಬರೆಯಲಿಲ್ಲ. ಬಂದಾಗ ಮುಖ ನೋಡಿಯೇ ಹೇಳಿದರಾಯಿತು ಎಂದುಕೊಂಡೆ.

ಎಂಟನೆಯ ದಿನ ಕಾರ್ಡು ಬಂತು. ಅಕ್ಕನ ಅಕ್ಷರ ದುಂಡಗೆ, ಕರಿಹಲಗೆಯ ಮೇಲೆ ಬರೆಯುವ ಅಕ್ಷರ. ಒಂದು ಬಾಸಿಂಗ ಕಳಿಸಲಿಕ್ಕೆ ಬಿಡದವರು ಈಗ ನನ್ನನ್ನು ಯಾಕೆ ಕರೆಯುತ್ತಾರೆ, ನಾನು ಬರುವುದಿಲ್ಲ, ಅಮ್ಮನನ್ನು ನೋಡಿಕೋ ಎಂದಿತ್ತು.

ಒಳಗಿನಿಂದ ಅಪ್ಪ, ಪೋಸ್ಟ್‌ಮ್ಯಾನ್ ಬಂದಿದ್ನಾ ಎಂದು ಕೇಳಿದರು. ಕಾರ್ಡನ್ನು ಸೆರಗಿನೊಳಗೆ ಸೇರಿಸಿ, ಇಲ್ಲ, ನಮಗೇನೂ ಬಂದಿಲ್ಲ ಎಂದೆ. ಅವರು ಇನ್ನೂ ಹನ್ನೊಂದು ದಿನ ಇದ್ದರು. ತೀರ್ಥಹಳ್ಳಿ ಬಸ್ಸು ಬರುವ ಹೊತ್ತಿಗೆ, ನನ್ನನ್ನು ಸ್ವಲ್ಪ ಬಾಗಿಲ ಕಡೆಗೆ ತಿರುಗಿಸಿ ಮಲಗಿಸು ಎನ್ನುತ್ತಿದ್ದರು. ನಾನು ದಿನವೂ ತಿರುಗಿಸಿ ಮಲಗಿಸುತ್ತಿದ್ದೆ.